ಎಡಕ್ಕೆ ಚಾಚಿದ ಲೋಟ

ಪುಂಡರೀಕಾಕ್ಷರಾಯರು ಒಂದು ಲೋಟ ನೀರನ್ನು ಪೂರ್ತಿ ಕುಡಿದುದನ್ನು ಡೊಂಬಿವಿಲಿಯಲ್ಲಿ ಯಾರೂ ಕಂಡಿರಲಿಲ್ಲ. ಸರಿಯಾಗಿ ಅರ್ಧಕ್ಕೆ ತುಟಿಯಿಂದ ಬೇರ್ಪಡಿಸಿ, ಮುಖ ತಿರುಗಿಸದೆ, ಲೋಟವನ್ನು ಎಡಗಡೆಗೆ ಚಾಚುವರು. ಅಲ್ಲಿ ಯಾರೂ ಇಲ್ಲವೆಂಬುದು ಕೈಗೆ ಅರಿವಾದ ಮೇಲೆಯೇ ಮೇಜಿನ ಮೇಲಿಡುವರು.

"ಗೋಡೆಗೂ ಬಾಯಾರಿಕೆ ಉಂಟಾ ರಾಯರೆ?" ಎಂದು ಸ್ಟೇಷನ್ ಬಳಿಯ ಹೋಟೆಲಿನ ಜಯಶೀಲ ಗಲ್ಲಾದಿಂದಲೇ ಚುಚ್ಚುತ್ತಿದ್ದ. ರಾಯರು ನಗುತ್ತಿರಲಿಲ್ಲ. ಮೇ ತಿಂಗಳ ಧಗೆಯಲ್ಲೂ ಬಿಡದ, ಮೊಣಕೈ ಸವೆದ ಸೇನೆಯ ಹಸಿರು ಜರ್ಸಿ, ಪಾಚಿಗಟ್ಟಿದ ಬಂಡೆಯ ಮೇಲೆಂಬಂತೆ ಪಾದಗಳನ್ನು ಅಗಲಿಸಿ ಊರುವ ನಡಿಗೆ: ಲೋಕಲ್ ರೈಲಿನ ಜನಪ್ರವಾಹದಲ್ಲೂ ಅವರನ್ನು ದೂರದಿಂದಲೇ ಗುರುತಿಸಬಹುದಿತ್ತು.

ಅರುವತ್ತರ ದಶಕದಲ್ಲಿ ಅವರು ಅಂಡಮಾನಿನಾಚೆಯ, ನಕ್ಷೆಯಲ್ಲಿ ನೊಣದ ಹಿಕ್ಕೆಯಷ್ಟೇ ಇದ್ದ ದ್ವೀಪವೊಂದರ ಸಿಗ್ನಲ್ ಠಾಣೆಯಲ್ಲಿದ್ದರು. ಇದ್ದವರು ನಾಲ್ವರು. ಸಿಹಿನೀರು ಹಡಗಿನಲ್ಲಿ ಬರಬೇಕು. ಹಡಗು ಕಡಲಿನ ಮರ್ಜಿಯಲ್ಲಿ. ಸಂಜೆ ಸಾಲಾಗಿ ಕುಳಿತರೆ ಇಬ್ಬರಿಗೊಂದು ಲೋಟ: ಬಲಗಡೆಯವನು ಅರ್ಧ ಕುಡಿದು ಎಡಗಡೆಯವನಿಗೆ ದಾಟಿಸಬೇಕು. ರಾಯರ ಎಡಕ್ಕೆ ಕೂರುತ್ತಿದ್ದವನು ಗುಲಬರ್ಗಾ ಕಡೆಯ ಅಡುಗೆಯವನು, ಮಾಪಣ್ಣ.

ನಿವೃತ್ತಿಯ ನಂತರ ರಾಯರು ಆ ಮೂವರನ್ನು ಹುಡುಕತೊಡಗಿದರು. ದ್ವೀಪದ ಮಾತೆತ್ತಿದರೆ ಮನೆಯಲ್ಲಿ ಟಿ.ವಿ.ಯ ದನಿ ಏರುತ್ತಿತ್ತು. ಆ ವರ್ಷಗಳು ಇದ್ದುವೆಂದು, ಅಲ್ಲಿ ತಮ್ಮವರೆಂಬವರಿದ್ದರೆಂದು ಹೇಳಬಲ್ಲ ಇನ್ನೊಂದು ಬಾಯಿ ಅವರಿಗೆ ಬೇಕಾಗಿತ್ತು. "ನಿಮ್ಮ ನೆನಪು ಅವರಿಗುಂಟಾ ಅಂತ ಮೊದ್ಲು ಕೇಳಿ ಮಾರಾಯ್ರೆ" ಎನ್ನುತ್ತಲೇ ಪತ್ನಿ ವನಮಾಲಾ ಕೊಡೆಯನ್ನು ಕೈಗಿಡುವರು. ಮೂವರಲ್ಲಿ ಹೃಷೀಕೇಶ ವರ್ತಕ ನಗರದ ಮನೆಯಲ್ಲಿ ಹಾರ ಹಾಕಿದ ಪಟವಾಗಿದ್ದ. ಟಿಟ್ವಾಳಾದ ಅಂಬಾದಾಸ ಬಾಗಿಲ ಸರಪಳಿಯನ್ನೂ ತೆಗೆಯದೆ, "ಅಂವ ಇಲ್ಲಿ ಇಲ್ರಿ" ಎಂದು ತನ್ನ ಬಗೆಗೇ ಹೇಳಿ ಕದವಿಕ್ಕಿದ.

ಕಲ್ಯಾಣ ಸ್ಟೇಷನ್ನಿನ ಗುಲಬರ್ಗಾ ಕಡೆಯ ಹಮಾಲರನ್ನು ವಿಚಾರಿಸಿ ವಿಚಾರಿಸಿ, ಕೊನೆಗೆ ಶಹಾಡಿನ ಕಾರ್ಖಾನೆಗಳ ಹಿಂದಣ ಚಾಳಿನಲ್ಲಿ ಮಾಪಣ್ಣ ಸಿಕ್ಕಿದ.

"ಅರೆ, ಸಿಗ್ನಲ್ ಸಾಬ್!" ಎಂದು ಕೈಹಿಡಿದು ಮಂಚದ ಮೇಲೆ ಕೂರಿಸಿದ, ತಾನು ಎಡಕ್ಕೆ ಕುಳಿತ. ಅವನ ಹೆಂಡತಿ ಭೀಮಮ್ಮ ನೀರು ತಂದಳು. ರಾಯರು ಅರ್ಧ ಕುಡಿದು, ಮುಖ ತಿರುಗಿಸದೆ, ಕೈ ಚಾಚಿದರು. ಲೋಟ ಮೆಲ್ಲನೆ ಬೆರಳುಗಳಿಂದ ಬಿಡಿಸಿಕೊಂಡಿತು. ಎಷ್ಟೋ ವರ್ಷಗಳ ಬಳಿಕ ಅದನ್ನು ತೆಗೆದುಕೊಳ್ಳುವ ಕೈಯೊಂದಿತ್ತು. ರಾಯರು ಕಣ್ಣು ಮುಚ್ಚಿದರು.

ಬಚ್ಚಲಿಗೆ ನೀರು ಚೆಲ್ಲಿದ ಸದ್ದು ಕೇಳಿಸಿತು.

ಮಾಪಣ್ಣ ಲೋಟವನ್ನು ತೊಳೆದು, ಕಂಠಮಟ್ಟ ತುಂಬಿ ತಂದು ಕೈಗಿತ್ತು, ಮತ್ತೆ ಎಡಕ್ಕೆ ಕುಳಿತ. "ಈಗ ಮನಿ ಮುಂದೇ ನಳ ಅದರಿ ಸಾಬ್. ಪೂರಾ ಕುಡೀರಿ."

"ಮರೆತುಬಿಟ್ಟೆಯೇನೋ ಮಾಪಣ್ಣ?"

"ಎಲ್ಲಾ ನೆನಪದರಿ. ಅದಕ್ಕೇ ಚೆಲ್ಲೀನಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಅಷ್ಟ್ ದಿನ ಕುಂತ್ವಿ. ಒಂದ್ ದಿನಾನೂ ನನ್ನ ಎಂಜಲ ನೀವು ಕುಡೀಲಿಲ್ರಿ."

ರಾಯರು ಲೋಟ ಹಿಡಿದೇ ಎದ್ದು, ಅವನನ್ನು ಬಳಸಿಬಂದು ಅವನ ಎಡಕ್ಕೆ ಕುಳಿತು, "ಹಾಗಾದರೆ ಇವತ್ತು ನೀನು ಮೊದಲು ಕುಡಿ" ಎಂದರು.

ಮಾಪಣ್ಣ ನಕ್ಕ. "ಈಗ ನೀರಡಿಕಿ ಇಲ್ರಿ ಸಾಬ್."

ಆ ಲೋಟವನ್ನು ರಾಯರು ಒಬ್ಬರೇ ಖಾಲಿ ಮಾಡಿದರು. ಹೋಟೆಲಿನಲ್ಲಿ ಮುಂದೆ ಅವರು ಎಡಕ್ಕೆ ಕೈ ಚಾಚಲಿಲ್ಲ. ಜಯಶೀಲನಿಗೂ ಹಾಸ್ಯಕ್ಕೆ ಏನೂ ಉಳಿಯಲಿಲ್ಲ. ಸಂಕಟವನ್ನು ಸಮನಾಗಿ ಹಂಚಿಕೊಂಡೆವೆಂದು ಆರ್ದ್ರರಾಗಿ ನೆನೆಯುವವರು ಬಹುಮಟ್ಟಿಗೆ ಮೊದಲ ಅರ್ಧವನ್ನು ಕುಡಿದವರೇ ಆಗಿರುತ್ತಾರೆ. ಆ ಪ್ರೀತಿ ಸುಳ್ಳಲ್ಲ. ಆದರೆ ಆಚೆಗಿನ ಕೈಯಿಂದ ಲೋಟ ತಮ್ಮತ್ತ ಎಂದೂ ಬರಲಿಲ್ಲವೆಂಬುದು ಅವರಿಗೆ ಹೊಳೆಯುವ ಹೊತ್ತಿಗೆ, ಅಲ್ಲಿ ಬಾಯಾರಿದವರು ಯಾರೂ ಉಳಿದಿರುವುದಿಲ್ಲ.