ಹೊಸ ಚೈನು, ಹಳೆಯ ಹಲ್ಲು

ಏಳು ತಿಂಗಳಿಂದ ಗೋಡೆಗೆ ಒರಗಿ ನಿಂತಿದ್ದ ಅಣ್ಣನ ಬೈಕನ್ನು ರಿಪೇರಿ ಮಾಡಿಸಿಕೊಂಡು ಬಾ ಎಂದು ಅಪ್ಪ ಹೇಳಿದಾಗ, ಎಲ್ಲಿ ಮಾಡಿಸಬಾರದು ಎಂಬುದನ್ನೂ ಸೇರಿಸಿಯೇ ಹೇಳಿದ.

“ಬಸ್‌ಸ್ಟ್ಯಾಂಡ್ ಹಿಂದ ಹೊಸ ಗ್ಯಾರೇಜ್ ಆಗ್ಯಾದಲ್ಲ, ಅಲ್ಲಿಗಿ ಒಯ್ಯಿ. ಆ ಮುರ್ತುಜಾನ ಅಂಗಡಿ ಮುಂದ ನಿಂತಿದ್ದು ಕಂಡ್ರ ಕಾಲ್ ಮುರೀತೇನಿ ಸಪ್ನಾ.”

ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿತೇನೋ. ಒಳಗೆ ಗುರುನಾಥಣ್ಣ ಮಂಚದ ಮೇಲೆ ಬಲಗಾಲು ಚಾಚಿ ಕೂತಿದ್ದ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟ.

ಅಣ್ಣನ ಬಲಗಾಲಿನಲ್ಲಿ ರಾಡ್ ಇದೆ. ಫೆಬ್ರುವರಿಯ ಒಂದು ಭಾನುವಾರ ಹವಳಗಾದ ಹತ್ತಿರ, ಎರಡು ಟ್ರಾಲಿ ಕಬ್ಬು ಎಳೆದುಕೊಂಡು ಫ್ಯಾಕ್ಟರಿಗೆ ಹೊರಟಿದ್ದ ಟ್ರ್ಯಾಕ್ಟರನ್ನು ದಾಟಲು ಅವನು ರೇಸ್ ಕೊಟ್ಟ. ಬೈಕಿನ ಚೈನು ಚಕ್ರದ ಹಲ್ಲಿನಿಂದ ಹಾರಿ ಹಿಂದಿನ ಗಾಲಿಗೆ ಸಿಕ್ಕಿಕೊಂಡಿತು. ಗಾಲಿ ನಿಂತೇ ಹೋಯಿತು. ಮುಂದಿನ ತಿಂಗಳು ಪೊಲೀಸ್ ಕಾನ್‌ಸ್ಟೇಬಲ್ ಓಟದ ಪರೀಕ್ಷೆ ಇತ್ತು. ಹದಿನಾರು ನೂರು ಮೀಟರನ್ನು ಅವನು ಆರು ನಿಮಿಷದೊಳಗೆ ಓಡಿ ಮುಗಿಸುತ್ತಿದ್ದ. ಈಗ ಮಂಚದಿಂದ ಬಚ್ಚಲಿಗೆ ಹೋಗಿ ಬರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮುಂದಿನ ಸಲ ನೋಡೋಣ ಎನ್ನಲು ವಯಸ್ಸೂ ಉಳಿದಿಲ್ಲ. ಇದೇ ಅವನ ಕೊನೆಯ ಅವಕಾಶವಾಗಿತ್ತು.

ಬಿದ್ದ ಬೈಕನ್ನು ನೋಡಿದವರೆಲ್ಲ ಒಂದೇ ಮಾತು ಹೇಳಿದರು. ಸವೆದ ಹಲ್ಲಿನ ಮೇಲೆ ಹೊಸ ಚೈನು ಹಾಕಿದ್ದಾರೆ. ಚೈನು, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೇ ಬದಲಿಸಬೇಕು. ಸ್ಪ್ರಾಕೆಟ್ ಅಂದರೆ ಚೈನು ಕಚ್ಚಿಕೊಂಡು ತಿರುಗುವ ಹಲ್ಲಿನ ಚಕ್ರ. ಅದರ ಹಲ್ಲು ಹಳೆಯದಿದ್ದರೆ ಹೊಸ ಚೈನು ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಅಫಜಲಪುರದಲ್ಲಿ ಗಾಡಿ ಇಟ್ಟುಕೊಂಡ ಎಲ್ಲರಿಗೂ ಗೊತ್ತಿರುವ ವಿಷಯ ಅದು. ಚೈನು ಹಾಕಿದವನಿಗೆ ಗೊತ್ತಿಲ್ಲದೆ ಇರುತ್ತದೆಯೆ?

ಹಾಕಿದವನು ಮುರ್ತುಜಾ ಭಾಯಿ. ಐದನೇ ಕ್ಲಾಸಿನಿಂದ ಅಣ್ಣನ ಪಕ್ಕ ಒಂದೇ ಬೆಂಚಿನಲ್ಲಿ ಕೂತವನು. ಪ್ರತಿ ವರ್ಷ ಭೀಮ ಜಯಂತಿಯ ಮೆರವಣಿಗೆಗೆ ಜನರೇಟರ್ ಹೊಂದಿಸಿ, ಅದರ ಹಿಂದೆಯೇ ನಡೆದು ಬರುತ್ತಿದ್ದವನು. ಈ ಏಪ್ರಿಲ್‌ನಲ್ಲಿ ಅವನನ್ನು ಯಾರೂ ಕರೆಯಲಿಲ್ಲ. ಅಪ್ಪ ಅವನ ಅಂಗಡಿಯ ಮುಂದೆ ನಿಂತು ಓಣಿಗೆಲ್ಲ ಕೇಳುವಂತೆ ಬೈದಿದ್ದ. ಮುರ್ತುಜಾ ಭಾಯಿ ತಲೆ ತಗ್ಗಿಸಿ, ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾವನ್ನು ಬಟ್ಟೆಯಿಂದ ಒರೆಸುತ್ತ ನಿಂತಿದ್ದ. ತಿರುಗಿ ಒಂದು ಮಾತೂ ಆಡಲಿಲ್ಲ.

ಅವನು ಆಡಬಹುದಾಗಿದ್ದ ಮಾತು ಯಾವುದೆಂದು ನನಗೊಬ್ಬಳಿಗೇ ಗೊತ್ತಿತ್ತು.

ಬೀಳುವ ಮೊದಲು ಅಣ್ಣ ಕಲಬುರಗಿಯಲ್ಲಿ ಕೋಚಿಂಗ್‌ಗೆ ಇದ್ದ. ಭಾನುವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಬೈಕು ಮನೆಯಲ್ಲೇ ಇರುತ್ತಿತ್ತು. ನಮ್ಮ ಡಿಗ್ರಿ ಕಾಲೇಜಿನ ವಾರ್ಷಿಕೋತ್ಸವ, ಅಂದರೆ ಗ್ಯಾದರಿಂಗ್ ದಿನ, ಸೀರೆ ಉಟ್ಟು, ಹಿಂದೆ ಗೆಳತಿ ಮಧುಮತಿಯನ್ನು ಕೂರಿಸಿಕೊಂಡು, ಬೈಕ್ ಓಡಿಸುತ್ತ ಗೇಟಿನೊಳಗೆ ಹೋಗಬೇಕು ಎಂಬುದು ನನ್ನ ಒಂದು ವರ್ಷದ ಆಸೆ. ಇಡೀ ಕ್ಲಾಸು ನೋಡಬೇಕು, ಅಷ್ಟೆ. ಅಣ್ಣನಿಗೆ ಫೋನ್ ಮಾಡಿ ಗೋಗರೆದೆ.

“ಒಯ್ಯಿ. ಆದ್ರ ಮೊದಲ ಮುರ್ತುಜಾನ ಕಡಿ ಹೋಗಿ ಚೈನ್ ಸೆಟ್ ಪೂರಾ ಹಾಕಿಸು” ಎಂದಿದ್ದ. “ಎರಡೂ ಸ್ಪ್ರಾಕೆಟ್ ಸವೆದಾವ. ಬರೇ ಚೈನ್ ಅಲ್ಲ, ಪೂರಾ ಸೆಟ್. ತಿಳೀತಿಲ್ಲೋ?”

“ತಿಳೀತು ಮಾರಾಯ.”

ಗ್ಯಾದರಿಂಗ್ ದಿನವೇ ಬೆಳಿಗ್ಗೆ ಹತ್ತಕ್ಕೆ ಅಂಗಡಿಗೆ ಹೋದೆ. ಮೊದಲೇ ಹೋಗಬೇಕಿತ್ತು. ಬ್ಲೌಸು, ಬಳೆ, ಮೆಹಂದಿ ಎಂದು ನಾಲ್ಕು ದಿನ ಕಳೆದುಬಿಟ್ಟಿದ್ದೆ. ಮುರ್ತುಜಾ ಭಾಯಿ ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಿ, ಈ ಹಳೆ ಮಾಡೆಲ್ಲಿನ ಸ್ಪ್ರಾಕೆಟ್ ಇಲ್ಲಿ ಸಿಗುವುದಿಲ್ಲ, ಕಲಬುರಗಿಯಿಂದ ಸಂಜೆಯ ಬಸ್ಸಿಗೆ ತರಿಸುತ್ತೇನೆ, ಗಾಡಿ ಬಿಟ್ಟು ಹೋಗು ಎಂದ. ಗ್ಯಾದರಿಂಗ್ ಇದ್ದದ್ದು ಮಧ್ಯಾಹ್ನ ಎರಡಕ್ಕೆ.

“ಅಣ್ಣ ಸದ್ಯಕ್ಕ ಬರೇ ಚೈನ್ ಹಾಕಿಸು ಅಂದಾನ ಭಾಯಿ. ಸ್ಪ್ರಾಕೆಟ್ ಆಮ್ಯಾಲ ನೋಡೋಣ ಅಂದಾನ.”

“ಗುರು ಅಂದ್ನಾ ಹಂಗ?” ಅವನಿಗೆ ನಂಬಿಕೆ ಬರಲಿಲ್ಲ. “ಫೋನ್ ಹಚ್ಚು ಅವನಿಗಿ.”

“ಕ್ಲಾಸಿನ್ಯಾಗ ಇದ್ದಾನ. ಎತ್ತಂಗಿಲ್ಲ.”

ಅವನು ಹಾಕಿಕೊಟ್ಟ. ನಾನು ಕಾಲೇಜಿಗೆ ಹೋದೆ. ಮರುದಿನ, ಅದರ ಮರುದಿನ, ಎರಡು ಸಲ ಅವನು ನನಗೆ ಫೋನ್ ಮಾಡಿದ. ಸೆಟ್ ಬಂದಿದೆ, ಗಾಡಿ ತಾ. ನಾಳೆ ತರ್ತೇನಿ ಭಾಯಿ ಎಂದೆ ಎರಡೂ ಸಲ. ಭಾನುವಾರ ಅಣ್ಣ ಬಂದು, ಬೈಕಿನ ಕೀಲಿ ತೆಗೆದುಕೊಳ್ಳುತ್ತ, ಸೆಟ್ ಹಾಕಿಸಿದ್ಯಾ ಎಂದು ಕೇಳಿದ. ಹಾಕಿಸಿದೆ ಎಂದೆ. ನಾನು ಫೋನಿನಿಂದ ತಲೆಯನ್ನೂ ಎತ್ತಿರಲಿಲ್ಲ.

ಈಗ ನನಗೆ ಬಿ.ಎಡ್. ಸೀಟು ಸಿಕ್ಕಿದೆ, ಓಡಾಡಲು ಗಾಡಿ ಬೇಕು ಎಂದು ಅಪ್ಪ ಬೈಕ್ ಹೊರಗೆ ತೆಗೆಸಿದ್ದ. ಅದನ್ನು ನೂಕಿಕೊಂಡು ಬಸ್‌ಸ್ಟ್ಯಾಂಡ್ ತನಕ ಹೋದೆ. ಹೊಸ ಗ್ಯಾರೇಜನ್ನು ದಾಟಿ ಮುಂದೆ ನೂಕಿದೆ.

ಮುರ್ತುಜಾ ಭಾಯಿ ಸಾಮಾನುಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ. ಗೋಡೆಯ ಮೊಳೆಗಳೆಲ್ಲ ಖಾಲಿಯಾಗಿದ್ದವು.

“ಎಲ್ಲಿಗಿ ಭಾಯಿ?”

“ಜೇವರ್ಗಿಗಿ. ನಮ್ಮ ಮನ್ಯಾಕಿ ಬೀಬಿಜಾನಳ ಅಣ್ಣಂದು ಗ್ಯಾರೇಜ್ ಅದ ಅಲ್ಲಿ. ಶುಕ್ರವಾರ ಹೊಂಟೀವಿ.” ನನ್ನನ್ನಲ್ಲ, ಬೈಕನ್ನು ನೋಡುತ್ತ ಹೇಳಿದ. “ಇಲ್ಲಿ ಗಾಡಿ ಬರಂಗಿಲ್ಲ ಈಗ. ಸುಮ್ಕ ಕುಂತ್ರ ಹೆಂಗ?”

“ಇದು ಬಂದದಲ್ಲ.”

“ನಿಮ್ಮಪ್ಪಗ ಗೊತ್ತದೇನು?”

ನಾನು ಬೈಕನ್ನು ಅಂಗಡಿಯೊಳಗೆ ನೂಕಿದೆ. ಅವನು ಅದರ ಡಬಲ್ ಸ್ಟ್ಯಾಂಡ್ ಹಾಕಿದ. ಗೋಣಿಚೀಲ ಬಿಚ್ಚಿ ತಳದಿಂದ ಒಂದು ಡಬ್ಬಿ ಹೊರಗೆ ತೆಗೆದ. ಮೇಲೆ ಪೆನ್ನಿನಲ್ಲಿ ‘ಗುರು’ ಎಂದು ಬರೆದಿತ್ತು. ಫೆಬ್ರುವರಿಯಲ್ಲಿ ಕಲಬುರಗಿಯಿಂದ ತರಿಸಿದ ಅದೇ ಸೆಟ್ಟು. ಟೇಪು ಕೂಡ ಬಿಚ್ಚಿರಲಿಲ್ಲ.

ಆಕ್ಸಲ್ ನಟ್ಟು ಸಡಿಲಿಸಿ ಹಿಂದಿನ ಗಾಲಿ ಇಳಿಸಿದ. ನಾಲ್ಕು ನಟ್ಟು ತೆಗೆದು ಹಳೆಯ ಸ್ಪ್ರಾಕೆಟ್ಟನ್ನು ಬಿಡಿಸಿ ನನ್ನ ಕೈಗೆ ಕೊಟ್ಟ. ಅದರ ಹಲ್ಲುಗಳು ಸವೆದು ಚೂಪಾಗಿ, ಕುಡುಗೋಲಿನ ತುದಿಯಂತೆ ಎಲ್ಲವೂ ಒಂದೇ ಕಡೆಗೆ ಬಾಗಿದ್ದವು. ಹೊಸದರ ಹಲ್ಲುಗಳು ಮೊಂಡಾಗಿ, ದಪ್ಪಗೆ ಇದ್ದವು. ಎರಡನ್ನೂ ಅಕ್ಕಪಕ್ಕ ಹಿಡಿದರೆ ಯಾವುದು ಸವೆದದ್ದೆಂದು ಯಾರಾದರೂ ಹೇಳಬಹುದಿತ್ತು. ನಾನೂ ಹೇಳಬಹುದಿತ್ತು.

“ಅಪ್ಪ ಬಂದು ಬೈದಾಗ ಯಾಕ ಹೇಳ್ಲಿಲ್ಲ ಭಾಯಿ? ಸಪ್ನಾ ಹಿಂಗಂದ್ಳು ಅಂತ ಅಂದಿದ್ರ ಮುಗೀತಿತ್ತು.”

“ಏನ್ ಮುಗೀತಿತ್ತು?” ಅವನು ಮುಂದಿನ ಸ್ಪ್ರಾಕೆಟ್ಟಿನ ಸಣ್ಣ ಬೋಲ್ಟುಗಳನ್ನು ಬಿಚ್ಚುತ್ತಿದ್ದ. “ಹಲ್ಲು ನಾ ನೋಡೀನಿ. ನೋಡಿ ಚೈನ್ ಹಾಕೀನಿ. ಕಾಲೇಜ್ ಹುಡುಗಿ ಅಂದ್ಳಂತ ಹಾಕ್ದೆ ಅಂತ ಹೇಳ್ಲಾ? ಕೈ ನಂದಲ್ಲೇನು?”

“ಸುಳ್ಳು ನಂದು.”

“ಅದು ನನಗ ಆಮ್ಯಾಲ ತಿಳೀತು. ಗುರು ಹಂಗ ಅನ್ನಾಂವ ಅಲ್ಲ. ಆದ್ರೂ ಅವತ್ತು ನಿನ್ನ ಮಾರಿ ನೋಡಿ, ಹೋಗ್ಲಿ ಬಿಡು, ಎರಡ ದಿನದ ಮಾತು ಅಂದ್ಕೊಂಡೆ. ಕೈತುಂಬ ಮೆಹಂದಿ ಹಚ್ಚಿದ್ದಿ.”

ಹೊಸ ಸ್ಪ್ರಾಕೆಟ್ಟುಗಳನ್ನು ಬಿಗಿದು, ಗಾಲಿ ಏರಿಸಿ, ಹೊಸ ಚೈನನ್ನು ಎರಡೂ ಹಲ್ಲಿನ ಮೇಲೆ ಕೂರಿಸಿ, ತುದಿಗಳನ್ನು ಸೇರಿಸಿ, ಅವನ್ನು ಹಿಡಿದಿಡುವ ಲಾಕಿನ ಮುಚ್ಚಿದ ಬಾಯಿ ಚೈನು ಓಡುವ ಕಡೆಗಿದೆಯೇ ಎಂದು ಬಾಗಿ ನೋಡಿದ. ಆಕ್ಸಲ್ಲಿನ ಎರಡೂ ಪಕ್ಕದ ಗುರುತು ಸಮ ಮಾಡಿ ನಟ್ಟು ಬಿಗಿದ. ಬೆರಳಿನಿಂದ ಚೈನನ್ನು ಮೇಲೆ ಕೆಳಗೆ ಆಡಿಸಿದ. ಅವಸರವೇ ಇರಲಿಲ್ಲ ಅವನಿಗೆ.

“ಅಣ್ಣಗ ಇವತ್ತ ಹೇಳ್ತೇನಿ.”

“ಬ್ಯಾಡ.” ಮೊದಲ ಸಲ ಅವನು ನನ್ನ ಮುಖ ನೋಡಿದ. “ಕಾಲ್ ಹೋಯ್ತು, ನೌಕರಿ ಹೋಯ್ತು, ಗೆಳ್ಯಾ ಹೋದ. ತಂಗಿ ಒಬ್ಬಾಕಿ ಉಳಿಲಿ ಅವನಿಗಿ. ನಾ ಹೆಂಗೂ ಜೇವರ್ಗಿಗಿ ಹೊಂಟೀನಿ. ಅಲ್ಲಿ ಯಾರಿಗೂ ಇದು ಗೊತ್ತಿಲ್ಲ.”

ಬೈಕ್ ಸ್ಟಾರ್ಟ್ ಮಾಡಿಕೊಟ್ಟ. ಮನೆಯ ತನಕ ಆ ಮಾತಿನ ಹಿಂದೆ ಅಡಗಿಕೊಳ್ಳಲು ನೋಡಿದೆ. ಏಳು ತಿಂಗಳು ಹಾಗೆಯೇ ಇದ್ದೆನಲ್ಲ, ಇನ್ನು ಮೂರು ದಿನ ಬಾಯಿ ಮುಚ್ಚಿದರೆ ಶುಕ್ರವಾರ ಬರುತ್ತದೆ. ಅವನೇ ಬೇಡ ಎಂದಿದ್ದಾನೆ.

ಮನೆಯಲ್ಲಿ ಅಣ್ಣ ಒಬ್ಬನೇ ಇದ್ದ. ಮಂಚದ ಅಂಚಿಗೆ ಕೂತು, ಪಾದಕ್ಕೆ ಮರಳಿನ ಚೀಲ ಕಟ್ಟಿಕೊಂಡು, ಕಾಲನ್ನು ಎತ್ತಿ ಇಳಿಸುತ್ತ ಎಣಿಸುತ್ತಿದ್ದ. ಹದಿನೇಳು. ಹದಿನೆಂಟು.

“ರೆಡಿ ಆಯ್ತೇನು?” ಎಂದ.

“ಮುರ್ತುಜಾ ಭಾಯಿ ಹಾಕಿಕೊಟ್ಟ.”

ಎಣಿಕೆ ನಿಂತಿತು. “ಅವನ ಹತ್ರ ಯಾಕ ಒಯ್ದಿ? ಅಪ್ಪ ಏನ್ ಹೇಳಿದ್ದ? ಇನ್ನೊಂದ ಕಾಲ್ ಉಳದದ, ಅದನ್ನೂ ತೆಗೀಲಿ ಅಂತೇನು?”

ನಾನು ಬಾಗಿಲಲ್ಲೇ ನಿಂತು ಹೇಳಿದೆ. ಅಳದೆ ಹೇಳಬೇಕೆಂದುಕೊಂಡಿದ್ದೆ, ಆಗಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಹೋದದ್ದು, ನೀನು ಹೀಗಂದೆ ಎಂದು ಸುಳ್ಳು ಹೇಳಿದ್ದು, ಎರಡು ಸಲ ಫೋನ್ ಬಂದದ್ದು, ಭಾನುವಾರ ಕೀಲಿ ಕೊಟ್ಟದ್ದು. ಡಬ್ಬಿಯ ಮೇಲೆ ನಿನ್ನ ಹೆಸರು ಬರೆದಿಟ್ಟಿದ್ದ ಎಂದೂ ಹೇಳಿದೆ. ಅವನು ಬೈಯಲಿ, ಹತ್ತಿರದಲ್ಲಿದ್ದ ಕೋಲನ್ನು ಎಸೆಯಲಿ ಎಂದು ಕಾದೆ.

ಅಣ್ಣ ಬಾಗಿ ಪಾದದ ಮರಳಿನ ಚೀಲ ಬಿಚ್ಚಿದ. ಗಂಟು ಬಿಗಿಯಾಗಿತ್ತು. ಬಹಳ ಹೊತ್ತು ಹಿಡಿಯಿತು. ನಾನು ಬಿಚ್ಚಲು ಮುಂದೆ ಹೋದೆ. ಕೈ ಅಡ್ಡ ಹಿಡಿದ.

“ಗ್ಯಾದರಿಂಗ್ ಹೆಂಗಾಯ್ತು ಅವತ್ತು?” ಎಂದು ಕೇಳಿದ.

ತಮಾಷೆಗೆ ಕೇಳುತ್ತಿದ್ದಾನೋ ಎಂದು ಮುಖ ನೋಡಿದೆ. ಹಾಗಿರಲಿಲ್ಲ. ನಿಜವಾಗಿ ಕೇಳುತ್ತಿದ್ದ.

“ಚಲೋ ಆಯ್ತು” ಎಂದೆ.

“ಎಲ್ಲರೂ ನೋಡಿದ್ರೇನು ನೀ ಗಾಡಿ ಮ್ಯಾಲ ಬಂದಿದ್ದು?”

“ನೋಡಿದ್ರು.”

ಅವನು ತಲೆಯಾಡಿಸಿದ. ಗೋಡೆಗೆ ಒರಗಿಸಿದ್ದ ಕೋಲನ್ನು ತೆಗೆದುಕೊಂಡು ಎದ್ದು ನಿಂತ.

“ಗಾಡಿ ತೆಗಿ.”

ಬಿದ್ದ ದಿನದಿಂದ ಅವನು ಬೈಕು ಹತ್ತಿರಲಿಲ್ಲ. ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಆಚೆ ಹಾಕಿಕೊಂಡು ನನ್ನ ಹಿಂದೆ ಕೂತ. ನನ್ನ ಹೆಗಲು ಹಿಡಿಯಲಿಲ್ಲ. ಸೀಟಿನ ಹಿಂದಿನ ಕಂಬಿಯನ್ನು ಹಿಡಿದುಕೊಂಡ. ಹಂಪ್ಸ್ ಬಂದಾಗಲೂ ಅದನ್ನೇ ಹಿಡಿದಿದ್ದ. ನಮ್ಮಿಬ್ಬರ ನಡುವೆ ಅವನ ಕೋಲು ಅಡ್ಡವಾಗಿತ್ತು. ನಾನು ಇಪ್ಪತ್ತರ ಮೇಲೆ ಓಡಿಸಲಿಲ್ಲ.

ಮುರ್ತುಜಾ ಭಾಯಿ ಗೋಣಿಚೀಲದ ಬಾಯಿ ಹೊಲಿಯುತ್ತಿದ್ದ. ಸೂಜಿ ಹಿಡಿದವನು ಹಾಗೆಯೇ ನಿಂತ. ಅಣ್ಣ ಇಳಿದು, ಕೋಲೂರಿ, ರಸ್ತೆ ದಾಟಿದ. ಒಂದು ಸೈಕಲ್ಲು, ಒಂದು ಆಟೋ ಅವನಿಗಾಗಿ ನಿಂತವು. ಮುರ್ತುಜಾ ಭಾಯಿ ಕಬ್ಬಿಣದ ಸ್ಟೂಲನ್ನು ಕಾಲಿನಿಂದ ಮುಂದೆ ತಳ್ಳಿದ. ಅಣ್ಣ ಕೂರಲಿಲ್ಲ.

“ಬೇಮಾನ ಅಂದೀನಲ್ಲಲೇ ನಿನಗ. ದವಾಖಾನ್ಯಾಗ, ಎಲ್ಲರ ಮುಂದ” ಎಂದ ಅಣ್ಣ.

“ಅಂದಿ. ಆಯ್ತಲ್ಲ ಈಗ. ಕುಂದ್ರು. ನಿಂದ್ರಬ್ಯಾಡ ಅಷ್ಟೊತ್ತು.”

“ಒಂದ ಮಾತು ಹೇಳಾಕ ಏನಾಗಿತ್ತು ನಿನಗ?”

ಮುರ್ತುಜಾ ಭಾಯಿ ಅದಕ್ಕೆ ಏನೋ ಹೇಳಿದ. ಲಾರಿಯೊಂದು ಹಾದು ಹೋಯಿತು, ನನಗೆ ಕೇಳಿಸಲಿಲ್ಲ. ಅಣ್ಣನ ಬೆನ್ನು ಅಲುಗುತ್ತಿತ್ತು. ಸ್ಟೂಲಿನ ಮೇಲೆ ಕೂತ. ಮುರ್ತುಜಾ ಭಾಯಿ ಅವನ ಎದುರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ರಾಡ್ ಇರುವ ಕಾಲಿನ ಮೇಲೆ ಕೈ ಇಟ್ಟ.

ನಾನು ರಸ್ತೆಯ ಈಚೆಯೇ ನಿಂತಿದ್ದೆ. ಬಹಳ ಹೊತ್ತಿನ ಮೇಲೆ ಅಣ್ಣ, ತಿರುಗಿ ನೋಡದೆ, ಜೋರಾಗಿ ಹೇಳಿದ.

“ನೀ ನಡಿ. ನನ್ನ ಇಂವ ಬಿಡ್ತಾನ.”

“ಅಣ್ಣಾ, ಊಟಕ್ಕ...”

“ನಡಿ ಅಂದ್ನಲ್ಲ.”

ಮನೆಗೆ ಬಂದಾಗ ಅವ್ವ ಕೆಲಸದಿಂದ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಳು. ಅಪ್ಪ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಗಾಡಿ ತಯಾರಾದದ್ದು ನೋಡಿ ಅವನ ಮುಖ ಸ್ವಲ್ಪ ಸಡಿಲವಾಯಿತು.

“ಮಂಚ ಖಾಲಿ ಅದಲ್ಲ, ಗುರುನಾಥ ಎಲ್ಲಿ?” ಎಂದಳು ಅವ್ವ.

ನಾನು ಸ್ಟ್ಯಾಂಡ್ ಹಾಕಿ ಕೀಲಿ ತೆಗೆದೆ. ಅದನ್ನು ಅಪ್ಪನ ಪಕ್ಕ, ಕಟ್ಟೆಯ ಮೇಲೆ ಇಟ್ಟೆ.

“ಕುಂದ್ರವ್ವ” ಎಂದೆ. “ಅಪ್ಪಾ, ನೀನೂ ಕೇಳು.”