ಮಾಳವ್ವ ಹಾಸಿದ ಕಂಬಳಿ ತುಂಡು

ಈ ಕತೆಯಲ್ಲಿ ಒಂದೇ ಒಂದು ಎಳೆ ಸುಳ್ಳಿದ್ದರೂ, ನಾನು ಒಲೆಗಿಟ್ಟ ಹಾಲೆಲ್ಲ ಒಡೆದುಹೋಗಲಿ. ಚಹಾ ಮಾರಿ ಬದುಕಿದವನು ಇದಕ್ಕಿಂತ ದೊಡ್ಡ ಆಣೆ ಇಡಲಾರ. ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ: ಕಿಟಕಿ ಪಕ್ಕದ ಬೆಂಚಿನ ಮೇಲೆ ಕರಿ ಕಂಬಳಿಯ ಒಂದು ತುಂಡು. ಊಟದ ತಟ್ಟೆಯಷ್ಟು ಅಗಲ, ಅಂಚಿಗೆ ಕೆಂಪು ದಾರದ ಹೊಲಿಗೆ. ಅದರ ಮೇಲೆ ಬಿಸಿಲು ಬಿಟ್ಟರೆ ಬೇರೆ ಯಾರೂ ಕೂತಿಲ್ಲ.

ಆಗ ನಾನು ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಚಹಾ ಕಾಸುತ್ತಿದ್ದೆ. ಅಲ್ಲಿನ ಗದ್ದಲ ಕೇಳಿದವರಿಗೇ ಗೊತ್ತು. ಒಂದು ಮೂಲೆಯಲ್ಲಿ ನಾಟಕದವರು ಸಾಯುವ ದೃಶ್ಯದ ತಾಲೀಮು ಮಾಡುತ್ತಿದ್ದರೆ, ಚುನಾವಣೆಗೆ ನಿಂತವರು ಬಂದು ಸತ್ತು ಬಿದ್ದವನ ಓಟನ್ನೂ ಕೇಳುತ್ತಿದ್ದರು. ನಡುವೆ ಹಾಡು, ಹಾಡಿನ ಮೇಲೆ ಜಗಳ, ಜಗಳದ ಮೇಲೆ ಮಿರ್ಚಿ ಭಜಿ. ಆ ನಗುವಿನ ಅಬ್ಬರಕ್ಕೆ ನನ್ನ ಪಾತ್ರೆಯ ಚಹಾ ತಾನಾಗಿಯೇ ಉಕ್ಕುತ್ತಿತ್ತು. ಒಲೆ ಹಚ್ಚಿದ್ದೇನೋ ಇಲ್ಲವೋ ಎಂದು ನಾನು ನೋಡುತ್ತಲೂ ಇರಲಿಲ್ಲ.

ಅಷ್ಟು ಜನರ ನಡುವೆ ಒಂದು ಕಾನೂನಿತ್ತು. ಬೆಂಚಿನ ಮೇಲೆ ಏನನ್ನಾದರೂ ಇಟ್ಟರೆ ಆ ಜಾಗ ಹಿಡಿದಂತೆ. ಕರ್ಚೀಫು, ಬಾಚಣಿಗೆ, ಪೆನ್ನಿನ ಟೋಪಿ, ಯಾವುದಾದರೂ ನಡೆಯುತ್ತಿತ್ತು. ಒಬ್ಬ ಪುಣ್ಯಾತ್ಮ ಉದ್ದಕ್ಕೂ ಒಂದು ಕಬ್ಬಿನ ಜಲ್ಲೆ ಮಲಗಿಸಿ ಇಡೀ ಕ್ರಿಕೆಟ್ ತಂಡಕ್ಕೆ ಜಾಗ ಹಿಡಿದಿದ್ದ. ಅಂಗಿ ಹರಿಯುವಂತೆ ಹೊಡೆದಾಡಿಕೊಂಡ ಹುಡುಗರೂ ಈ ಕಾನೂನನ್ನು ಮಾತ್ರ ಮುರಿಯುತ್ತಿರಲಿಲ್ಲ.

ಆ ವರ್ಷ ಮಾಳವ್ವ ಬಂದಳು. ಕುರಿ ಕಾಯುವ, ಕಂಬಳಿ ನೇಯುವ ಮನೆಯ ಹುಡುಗಿ. ಅವರ ಹಟ್ಟಿಯಿಂದ ಇಷ್ಟು ದೂರ ಓದಲು ಬಂದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ದಿನಾ ಮಧ್ಯಾಹ್ನ ಕಿಟಕಿ ಪಕ್ಕ ಕೂರುವಳು. ಚೀಲದಿಂದ ಆ ತುಂಡು ತೆಗೆದು ಪಕ್ಕದಲ್ಲಿ ಹಾಸಿ, ಅಂಗೈಯಿಂದ ಸವರಿ ಸುಕ್ಕು ತೆಗೆಯುವಳು. ಆಮೇಲೆ ರೊಟ್ಟಿ ಗಂಟು ಬಿಚ್ಚಿ, ತಿನ್ನದೆ, ಬಾಗಿಲ ಕಡೆ ನೋಡುವಳು. ಬಂದವರು ತುಂಡು ಕಂಡು, "ಯಾರೋ ಬರೋರದಾರ" ಎಂದು ಮುಂದಕ್ಕೆ ಹೋಗುವರು.

ಬರುವವರು ಯಾರು? ಕ್ಯಾಂಟೀನಿಗೆ ಅದೇ ಚಿಂತೆಯಾಯಿತು.

"ಮಾವನ ಮಗ ಇರಬೇಕು. ಮಿಲಿಟರಿಯೊಳಗ ಇದ್ದಂಗದಾನ" ಎಂದಳು ನಾಟಕದ ನಸೀಮಾ.

"ಮಿಲಿಟರಿ ಅಲ್ಲವಾ, ಪೈಲ್ವಾನ" ಎಂದ ಪ್ರಭುಲಿಂಗ. ಅವನು ವಿದ್ಯಾರ್ಥಿಗಳ ಮುಖಂಡ, ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳುವುದರಲ್ಲಿ ಗಟ್ಟಿಗ.

ನಾನೂ ಬಾಯಿ ಹೊಲಿದುಕೊಂಡು ಕೂರುವವನಲ್ಲ. ಆ ಬರಬೇಕಾದವನು ಬರಿಗೈಯಲ್ಲಿ ತೋಳದ ಬಾಯಿ ಸೀಳಿದವನು ಎಂದೆ. ಸಂಜೆಯ ಹೊತ್ತಿಗೆ ತೋಳ ಹುಲಿಯಾಗಿತ್ತು. ಮರುದಿನದಿಂದ ಆ ಜಾಗವನ್ನು ಕ್ಯಾಂಟೀನೇ ಕಾಯತೊಡಗಿತು. ಒಮ್ಮೆ ಕುಲಪತಿಗಳು ಬಂದು, ಕಿಕ್ಕಿರಿದ ಜನರ ನಡುವೆ ಅದೊಂದೇ ಖಾಲಿ ಕಂಡು ಕೂರಲು ಬಗ್ಗಿದರು. ನಾಲ್ಕೂ ದಿಕ್ಕಿನಿಂದ "ಸರ್, ಅದು ಹಿಡದದ!" ಎಂಬ ಕೂಗೆದ್ದಿತು. ಪಾಪ, ಬಗ್ಗಿದವರು ಹಾಗೇ ನೆಟ್ಟಗಾಗಿ, ನಿಂತೇ ಚಹಾ ಕುಡಿದು ಹೋದರು.

ದೀಪಾವಳಿ ಹತ್ತಿರ ಬಂತು. ಮಾಳವ್ವ ನನ್ನ ಒಲೆಯ ಬಳಿ ಬಂದು ನಿಂತಳು.

"ಕಾಕಾ, ನಾಳೆ ಅಪ್ಪ ಬರತಾನ. ನನ್ನ ಕರಕೊಂಡು ಹೋಗತಾನ."

"ಹಬ್ಬಕ್ಕೇನವಾ?"

"ಹಬ್ಬಕ್ಕಲ್ಲ, ಕಾಯಂ. ಕಳಸೂ ಮುಂದ ಹೇಳಿದ್ದ, 'ದೀಪಾವಳಿ ತನಕ ನೋಡು. ಇಕಿ ನಮ್ಮಾಕಿ ಅನ್ನೋರು ಅಲ್ಲಿ ಒಬ್ಬರರೆ ಸಿಕ್ಕರ ಇರು. ಇಲ್ಲಂದ್ರ ಒಬ್ಬಾಕಿನ್ನ ಬಿಡಾಂವಲ್ಲ' ಅಂತ. ನನಗ ಓದೂ ಆಸೆ ಭಾಳ ಅದ ಕಾಕಾ. ದಿನಾ ಕಾದೆ. ಯಾರೂ ಬರಲಿಲ್ಲ."

ನನಗೆ ಹುಲಿ ಸೀಳಿದವನ ಮೇಲೆ ಸಿಟ್ಟು ಬಂತು. "ಬರೋರಿಗೆ ದಾರಿ ದೂರ ಇರತದವಾ, ತಡಿ" ಎಂದೆ.

"ದೂರೆಲ್ಲಿ? ಎಲ್ಲಾರೂ ಇಲ್ಲೇ ಅದಾರಲ್ಲ" ಎಂದು ಅವಳು ಹೊರಟುಹೋದಳು.

ಆ ಮಾತಿನ ತಲೆಬುಡ ನನಗೆ ತಿಳಿಯಲಿಲ್ಲ. ತಿಳಿಯದ ಮಾತನ್ನು ನಾನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವನಲ್ಲ. ಸಿಕ್ಕವರಿಗೆಲ್ಲ ಹಂಚಿದೆ. ಸಂಜೆಗೆ ಸುದ್ದಿ ಹಬ್ಬಿತು: ಹುಲಿ ಸೀಳಿದವನು ಕೈಕೊಟ್ಟ. ಹುಡುಗಿಯರು ಕಣ್ಣೊರೆಸಿಕೊಂಡರು. ಅವನು ಸಿಗುವವರೆಗೆ ಗಡ್ಡ ತೆಗೆಯುವುದಿಲ್ಲ ಎಂದು ಪ್ರಭುಲಿಂಗ ಶಪಥ ಮಾಡಿದ. ಅವನಿಗೆ ಗಡ್ಡ ಇನ್ನೂ ಮೂಡಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳ ಅಪ್ಪ ಲಕ್ಕಪ್ಪ ಬಂದ. ಎಂಥ ಆಳು! ಅವನು ಬಗ್ಗಿ ಒಳಗೆ ಬಂದರೂ ತಲೆಯ ಪಟಗ ಬಾಗಿಲ ಮೇಲಿನ ಸುಣ್ಣ ಉದುರಿಸಿತು. ಹೆಗಲ ಮೇಲೆ ಕಂಬಳಿ, ಮುಖದ ತುಂಬ ಮೀಸೆ. ಯಾರನ್ನೂ ಕೇಳದೆ ಕಿಟಕಿಯತ್ತ ನಡೆದ. ಹಾಸಿದ ತುಂಡು ಕಂಡ. ಮೆಟ್ಟಿದ್ದ ಕಾಲ್ಮರಿ ಕಳಚಿ, ಅದನ್ನು ಮುಟ್ಟಿ ಹಣೆಗೊತ್ತಿಕೊಂಡು, ಅದರ ಮೇಲೆ ಕೂತೇಬಿಟ್ಟ.

ಕಚ್ಚಿದ ಭಜಿ ಎಲ್ಲರ ಬಾಯಲ್ಲೇ ಉಳಿಯಿತು. ಪ್ರಭುಲಿಂಗ ಕೈಮುಗಿದು ಮುಂದೆ ಬಂದ.

"ಯಜಮಾನರ, ತಪ್ಪ ತಿಳೀಬ್ಯಾಡ್ರಿ. ಆ ಜಾಗ ಹಿಡದದ."

"ಯಾರು ಹಿಡದಾರ?"

"ನಿಮ್ಮ ಮಗಳ ಹಿಡದಾಳ್ರಿ."

ಲಕ್ಕಪ್ಪ ಮಗಳತ್ತ ತಿರುಗಿದ. "ಯಾರಿಗಿ ಹಾಸೀದಿಯವಾ?"

"ಬಂದೋರಿಗೆ."

"ಅಂದ್ರ ಯಾರಿಗಿ?"

"ಯಾರು ಬಂದ್ರ ಅವರಿಗೆ" ಎಂದಳು ಮಾಳವ್ವ, ತಲೆ ತಗ್ಗಿಸಿ.

ಲಕ್ಕಪ್ಪ ಎಲ್ಲರ ಮುಖವನ್ನೂ ಒಮ್ಮೆ ನೋಡಿದ. ಸಿಟ್ಟಿರಲಿಲ್ಲ, ಬೆರಗಿತ್ತು.

"ನಮ್ಮ ಹಟ್ಟ್ಯಾಗ ಮನಶ್ಯಾ ಬಂದ್ರ ಮದಲ ಕಂಬಳಿ ಹಾಸತೀವ್ರಪಾ. ಬಾ, ಕುಂದ್ರು ಅಂತ ಬಾಯಿಲೆ ಅನ್ನೂದಿಲ್ಲ. ಹಾಸಿದ ಮ್ಯಾಲೂ ಕರದ್ರ, ನಿನಗ ಕಣ್ಣಿಲ್ಲೇನು ಅಂದಂಗ. ಹಾಸದ ಕಡೆ ನಾವಾಗಿ ಹೋಗಿ ಕುಂದ್ರೂದೂ ಇಲ್ಲ. ಬಂದಾಗಿಂದ ನನ್ನ ಮಗಳು ದಿನಾ ಕರದಾಳ. ನೀವು ಅಷ್ಟೂ ಮಂದಿ ನೋಡಿ ಹೊಳ್ಳಿ ಹೋದಿರೇನು?"

ಆ ಹೊತ್ತಿನಲ್ಲಿ ನನ್ನ ಚಹಾ ಕೂಡ ಉಕ್ಕಲಿಲ್ಲ. ಕೊನೆಗೆ ನಸೀಮಾ ತನ್ನ ತಟ್ಟೆ ಹಿಡಿದುಕೊಂಡು ಎದ್ದು ಬಂದಳು.

"ಕಾಕಾರ, ಒಂದೀಟು ಸರೀರಿ."

ಲಕ್ಕಪ್ಪ ಸರಿದ. ಅವಳು ತುಂಡಿನ ಅರ್ಧದ ಮೇಲೆ ಕೂತು, ಮಾಳವ್ವನ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, "ಏನ ಖಾರ ಹಚ್ಚೀಯ ತಾಯಿ!" ಎಂದು ಉಸ್ಸೆಂದಳು. ಮಾಳವ್ವ ನಕ್ಕಳು. ಅವಳ ಹಲ್ಲು ನಾವು ಕಂಡದ್ದು ಅದೇ ಮೊದಲು.

ಅಷ್ಟೇ ಸಾಕಾಯಿತು. ನಾಟಕದವರು ಬಂದರು, ಚುನಾವಣೆಯ ಎರಡೂ ಪಕ್ಷದವರು ಬಂದರು, ಪ್ರಭುಲಿಂಗ ಬಂದ, ಕಬ್ಬಿನವನು ತನ್ನ ತಂಡದ ಸಮೇತ ಬಂದ. ನಾಲ್ಕು ಜನ ಕೂರುವ ಆ ಬೆಂಚು ರಬ್ಬರಿನಂತೆ ಹಿಗ್ಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪ್ರತಿಯೊಬ್ಬರೂ "ಮಾವಾರ, ಸರೀರಿ", "ದೊಡ್ಡಪ್ಪಾರ, ಇನ್ನೊಂದೀಟು" ಎನ್ನುತ್ತಿದ್ದರು. ಲಕ್ಕಪ್ಪ ಸರಿದ, ಸರಿದ, ಕೊನೆಗೆ ಬೆಂಚೇ ಮುಗಿದು ದೊಪ್ಪನೆ ನೆಲಕ್ಕೆ ಬಿದ್ದ.

ಎದ್ದು ಧೋತರದ ಧೂಳು ಕೊಡವಿದ. ಮಗಳು ಎಲ್ಲಿದ್ದಾಳೆಂದು ಹುಡುಕಿದ. ಅಷ್ಟು ತಲೆಗಳ ನಡುವೆ ಅವಳ ಜಡೆಯ ತುದಿ ಮಾತ್ರ ಕಂಡಿತು. ಅವಳು ಏಳಲು ನೋಡಿದರೆ ಎರಡೂ ಕಡೆಯವರು ಬಿಡಲಿಲ್ಲ.

"ನನಗ ಜಾಗಿಲ್ಲದಂಗಾತಲ್ಲ. ಇನ್ನ ನಾ ಯಾಕಿರಲಿ?" ಎಂದು ಮೀಸೆಯೊಳಗೇ ನಕ್ಕ ಲಕ್ಕಪ್ಪ. ನನ್ನ ಕೈಯಿಂದ ಒಂದು ಕಪ್ ಚಹಾ ಕುಡಿದು, ಬಂದ ದಾರಿಯಲ್ಲಿ ಒಬ್ಬನೇ ಹೋದ.

ಅಂದಿಗೆ ಕ್ಯಾಂಟೀನಿನ ಹಳೆಯ ಕಾನೂನು ಸತ್ತಿತು. ಯಾರಾದರೂ ಕರ್ಚೀಫು ಇಟ್ಟರೆ, ಬಂದವರು ಅದರ ಮೇಲೆಯೇ ಕೂತು "ಕರದ್ಯಲ್ಲ, ಬಂದೆ" ಎನ್ನುತ್ತಿದ್ದರು. ಕಬ್ಬಿನವನು ಮತ್ತೊಮ್ಮೆ ಜಲ್ಲೆ ಮಲಗಿಸಿದ. ತಂಡ ಬರುವಷ್ಟರಲ್ಲಿ ಸಿಪ್ಪೆ ಮಾತ್ರ ಉಳಿದಿತ್ತು.

ಓದು ಮುಗಿಸಿ ಹೋಗುವಾಗ ಮಾಳವ್ವ ಆ ತುಂಡನ್ನು ನನಗೆ ಕೊಟ್ಟಳು. ಕೆಂಪು ದಾರ ಸವೆದಿದೆ, ಕಂಬಳಿ ಇನ್ನೂ ಗಟ್ಟಿಯಾಗಿದೆ. ಈ ಕತೆ ಶುರುಮಾಡಿದಾಗಿನಿಂದ ನೋಡುತ್ತಿದ್ದೇನೆ, ಅದು ನನ್ನ ಚಹಾದಂಗಡಿಯ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಹಾಸಿದೆ, ನೀವು ನಿಂತೇ ಕತೆ ಕೇಳಿದಿರಿ. ಹಾಸಿದ ಮೇಲೆ ಬಾಯಿಬಿಟ್ಟು ಕರೆಯುವ ಪದ್ಧತಿ ಇಲ್ಲ. ಆದರೆ ಕೂರುವವರಿಗೆ ಒಂದು ಕರಾರನ್ನು ನಾನೇ ಸೇರಿಸಿದ್ದೇನೆ. ನನ್ನ ಹತ್ತಿರವಿದ್ದ ನಿಜವೆಲ್ಲ ಹೇಳಿ ಖಾಲಿಯಾಯಿತು, ಇನ್ನು ಒಂದು ಒಳ್ಳೆಯ ಸುಳ್ಳು ಹೇಳುವುದು ನಿಮ್ಮ ಪಾಲಿನದು. ಚಹಾ ಆಮೇಲೆ. ಒಲೆಯ ಮೇಲೆ ಹಾಲಿದೆ. ಬಗ್ಗಿ ನೋಡಿ, ಇನ್ನೂ ಒಡೆದಿಲ್ಲ.