ಗೆರೆ ಬಿಟ್ಟು ಕೊಯ್ದ ಕೈ

"ಇವನ ಕೈಯಾಗ ಉಳಿ ಕೊಡೂದೂ ಒಂದ, ಮಂಗ್ಯಾನ ಕೈಯಾಗ ಕೊಡೂದೂ ಒಂದ. ಮಂಗ್ಯಾಂದು ಐದೂ ಬೆರಳರ ಮಡಚ್ತಾವು!"

ನಾನು ಹುಟ್ಟಿದ್ದು ಈ ಮಾತಿನಿಂದ. ಆಡಿದವನು ಹುಬ್ಬಳ್ಳಿಯ ಬಡಿಗ ಕಾಳಪ್ಪ. ಆಡಿಸಿಕೊಂಡವನು ಅವನ ಅಕ್ಕನ ಮಗ ಗಂಗಾಧರ. ಹೊಸ ಮನೆಯೊಂದರಲ್ಲಿ ಬಾಗಿಲ ಚೌಕಟ್ಟು ನಿಲ್ಲಿಸುವ ಪೂಜೆ ನಡೆದಿತ್ತು. ಹೊಸ್ತಿಲ ಮೇಲೆ ಗಂಗಾಧರ ಕೆತ್ತಿದ ಹೂವು ಸೊಟ್ಟಗಿತ್ತು. ಮನೆಯವರು ನಕ್ಕರು, ಗೌಂಡಿಗಳು ನಕ್ಕರು, ತೆಂಗಿನಕಾಯಿ ಹಿಡಿದು ನಿಂತಿದ್ದ ಅಯ್ಯನವರೂ ನಕ್ಕರು. ಹುಡುಗನ ಬಲಗೈಯ ಎರಡು ಬೆರಳು ಯಾಕೆ ಮಡಚುವುದಿಲ್ಲ ಎಂದು ಒಬ್ಬನಾದರೂ ಕೇಳಬೇಕಲ್ಲ? ಕೇಳಲಿಲ್ಲ. ಕೇಳಿದ್ದರೆ ಕಾಳಪ್ಪನ ಅಂಗಡಿಯ ಕರೆಂಟಿನ ಗರಗಸದ ಕಥೆ ಹೇಳಬೇಕಾಗುತ್ತಿತ್ತು. ಹಲ್ಲಿಗೆ ಕೈ ತಾಗದಂತೆ ಕಾಯುವ ಅದರ ಮುಚ್ಚಳವನ್ನು ಕಾಳಪ್ಪನೇ ಬಿಚ್ಚಿಟ್ಟಿದ್ದ, ಮತ್ತೆ ಹಾಕಿರಲಿಲ್ಲ. ಗಂಗಾಧರ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ ವರ್ಷವೇ ಅದು ಅವನ ಬೆರಳಿನ ನರ ಕಡಿದಿತ್ತು.

ಉಳಿ ಹಿಡಿಯಲಾಗದ ಆ ಕೈ ನನ್ನನ್ನು ಕಟ್ಟಿತು. ನಾನು ಒಂದು ರೂಟರ್ ಯಂತ್ರ. ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆದುಕೊಟ್ಟರೆ ಹಾಗೆಯೇ ಮರ ಕೊರೆಯುತ್ತೇನೆ. ಗುಜರಿಯ ಅಲ್ಯುಮಿನಿಯಂ ಪಟ್ಟಿ ನನ್ನ ಎಲುಬು, ಹಲ್ಲಿನ ಬೆಲ್ಟು ನನ್ನ ನರ. ಮೈ ಒಂದು ಮಂಚದಷ್ಟು. ಗಂಗಾಧರ ನಟ್ಟು ಬಿಗಿಯುವಾಗ ಆ ಎರಡು ಸೆಟೆದ ಬೆರಳು ನನ್ನ ಮೇಲಿನ ತೊಲೆಗೆ ಆತುಕೊಂಡಿರುತ್ತಿದ್ದವು. ಆ ಭಾರ ನನಗೆ ಇವತ್ತಿಗೂ ನೆನಪಿದೆ. ಬೇರೆ ಯಾರ ಕೈಯೂ ಹಾಗೆ ಕೂತಿಲ್ಲ.

ಕಾಳಪ್ಪ ಒಮ್ಮೆ ನೋಡಲು ಬಂದ. ನನ್ನ ಸುತ್ತ ಒಂದು ಸುತ್ತು ಹಾಕಿದ.

"ಇದು ಮೊಳಿ ಹೊಡಿತೈತೇನಲೇ?"

"ಇಲ್ಲ ಮಾವಾ. ಕೊರಿತೈತಿ."

"ಹಂಗಾರ ಒಂದು ಬಾಗಲಾ ಕೂಡಿಸಿ ತೋರ್ಸು. ನನ್ನ ಬಾಜೂಕ ನಿನ್ನ ಮಣಿ ಹಾಕ್ತೀನಿ."

ಅವನ ಅಂಗಡಿಯಲ್ಲಿ ಅದೊಂದು ರೂಢಿ. ಕಲಿಯುವವರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂರಬೇಕು. ಮಣೆ ಸಿಕ್ಕವನೇ ಬಡಿಗ. ಗಂಗಾಧರ ಇಷ್ಟು ವರ್ಷ ನೆಲದ ಮೇಲೇ ಇದ್ದ. ಅವನಿಗೆ ಬೇಕಾಗಿದ್ದದ್ದು ಆ ಮಣೆ. ಅವನಿಗೆ ಬೇಕಾದದ್ದು ನನಗೂ ಬೇಕಾಯಿತು.

ಮೊದಲು ನನ್ನ ಅಳತೆ ಸರಿ ಮಾಡಬೇಕಿತ್ತು. ನೂರು ಮಿಲಿಮೀಟರಿನ ಚೌಕ ಕೊರೆ ಎಂದ. ಕೊರೆದೆ. ಅರ್ಧ ಮಿಲಿಮೀಟರ್ ಹೆಚ್ಚು ಬಂತು. ಬೆಲ್ಟು ಎಳೆದು ಕಟ್ಟಿದ, ಮತ್ತೆ ಅರ್ಧ ಹೆಚ್ಚು. ಬಡಿಗರು ಮಂಚಕ್ಕೆ ಮಾಡುವಂತೆ ಮೂಲೆಯಿಂದ ಮೂಲೆಗೆ ದಾರ ಹಿಡಿದು ನನ್ನ ಮೈ ಓರೆಯಾಗಿದೆಯೇ ನೋಡಿದ. ಓರೆ ಇರಲಿಲ್ಲ. ಮತ್ತೆ ಕೊರೆದರೆ ಅದೇ ಅರ್ಧ. ಕೊನೆಗೆ, ಒಂದು ಮಿಲಿಮೀಟರಿಗೆ ಮೋಟಾರು ಎಷ್ಟು ಹೆಜ್ಜೆ ಇಡಬೇಕೆಂಬ ಅಂಕಿಯನ್ನೇ ತುಸು ಇಳಿಸಿದ. ಚೌಕ ಸರಿಯಾಗಿ ನೂರು ಬಂತು. ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಓಡಿದ. "ಯವ್ವಾ, ಬಂತು! ಬಂತು!" ಎಂದು ರೊಟ್ಟಿ ಬಡಿಯುತ್ತಿದ್ದ ತಾಯಿಯ ಕೈಗೆ ಕೊಟ್ಟ. ಆ ತಾಯಿ ಅದನ್ನು ದೇವರ ಮುಂದೆ ಇಟ್ಟಳು.

ಆಮೇಲೆ ಬಾಗಿಲಿನ ಹಲಗೆ ಕೊರೆದೆವು. ಸಾಗವಾನಿ, ಒಂದು ಮೀಟರ್ ಉದ್ದ, ಅಂಚಿಗೆಲ್ಲ ಬಳ್ಳಿ. ಅಷ್ಟು ಚೆಂದದ ಕೆಲಸ ನಾನು ಮತ್ತೆಂದೂ ಮಾಡಲಿಲ್ಲ. ಕಾಳಪ್ಪನ ಅಂಗಡಿಯಲ್ಲಿ ಗಿರಾಕಿಗಳ ಎದುರು ಅದನ್ನು ಚೌಕಟ್ಟಿನ ತೋಡಿಗೆ ಇಳಿಸಿದರು. ಲಟಲಟ ಎಂದಿತು. ನಾಲ್ಕೂವರೆ ಮಿಲಿಮೀಟರ್ ಗಿಡ್ಡ.

"ಮನಿಗೆ ಗಂಟಿ ಕಟ್ಟೂದ ಬ್ಯಾಡ ನೋಡ್ರಿ, ಗಾಳಿ ಬಂದ್ರ ಬಾಗಲಾನ ಬಾರಸ್ತೈತಿ," ಎಂದ ಕಾಳಪ್ಪ. ಮತ್ತೆ ನಗು.

ಗಂಗಾಧರ ಆ ವಾರವೇ ನನ್ನನ್ನು ಲ್ಯಾಪ್‌ಟಾಪಿನ ಸಮೇತ ಶಂಶುದ್ದೀನನಿಗೆ ಕೊಟ್ಟುಬಿಟ್ಟ. ಶಂಶುದ್ದೀನ್ ಮನೆಗಳಿಗೆ ಹೆಸರಿನ ಫಲಕ ಮಾಡುವವನು. ಒಳ್ಳೆಯ ಮನುಷ್ಯ, ನನಗೆ ಎಣ್ಣೆ ತಪ್ಪಿಸಲಿಲ್ಲ. ಅಂಗೈಯಗಲದ ಫಲಕ ಕೊರೆಯುತ್ತ ವರ್ಷಗಳು ಹೋದವು. 'ಮಾತೃಕೃಪಾ', 'ಬಡಿಗೇರ ನಿವಾಸ', 'ನಾಯಿ ಇದೆ'. ಸಣ್ಣ ಕೆಲಸ, ಯಾರೂ ದೂರಲಿಲ್ಲ. ಆದರೆ ಪ್ರತಿ ಫಲಕವೂ ಯಾವುದೋ ಬಾಗಿಲಿನ ಪಕ್ಕಕ್ಕೆ ಹೋಗುತ್ತಿತ್ತು. ಬಾಗಿಲು ನನಗೆ ಆಗಲೇ ಇಲ್ಲ. ಬೀದಿಯಲ್ಲಿ ಮೂರು ಗಾಲಿಯ ಟಂಟಂ ಗಾಡಿ ನಿಂತ ಸದ್ದಾದರೆ ನನ್ನ ಬೆಲ್ಟು ಬಿಗಿಯುತ್ತಿತ್ತು. ಗಂಗಾಧರ ಈಗ ಟಂಟಂ ಹೊಡೆಯುತ್ತಾನೆ ಎಂದು ಕೇಳಿದ್ದೆ. ಬೇರೆಯವರು ಮಾಡಿದ ಬಾಗಿಲುಗಳನ್ನು ಸಾಗಿಸುತ್ತಾನಂತೆ.

ಕೊನೆಗೆ ಅವನನ್ನು ಕರೆಸಿದ್ದು ಒಂದು ಜಗಳ. ಕಾಳಪ್ಪ ಒಂದು ಬಾಗಿಲ ತಲೆಯ ಮೇಲೆ ಕೂರಿಸಲು ಮೀಟರುದ್ದದ ಹೆಸರಿನ ಹಲಗೆ ಮಾಡಿಕೊಡಲು ಶಂಶುದ್ದೀನನಿಗೆ ಹೇಳಿದ್ದ. ಅದು ಗಿಡ್ಡ ಬಂತು. ಅಂಗಡಿ ತುಂಬ ಜನರಿದ್ದಾಗ ಬಂದು ಕೂಗಾಡಿದ. ಶಂಶುದ್ದೀನ್ ಗಂಗಾಧರನಿಗೆ ಫೋನ್ ಮಾಡಿದ. "ಗಂಗಣ್ಣಾ, ಬಾರಪ್ಪಾ. ನೀ ಹಡದ ಕೂಸು ಸಣ್ಣದಕ್ಕ ಚಲೋ ಐತಿ, ಉದ್ದಂದಕ್ಕ ಹಟಾ ಮಾಡ್ತೈತಿ."

ಅವನು ಬಂದ. ಮಾವನ ಕಡೆ ನೋಡಲಿಲ್ಲ. ಹೆಜ್ಜೆಯ ಅಂಕಿಯನ್ನು ಮೊದಲಿದ್ದಂತೆ ಮಾಡಿದ. ಒಂದು ಸಣ್ಣದು, ಒಂದು ಉದ್ದದ್ದು ಕೊರೆಸಿದ. ಸಣ್ಣದರಲ್ಲಿ ಅರ್ಧ ಹೆಚ್ಚು. ಉದ್ದದ್ದರಲ್ಲೂ ಅಷ್ಟೇ ಅರ್ಧ. ನನ್ನ ಹೆಜ್ಜೆ ತಪ್ಪಿದ್ದರೆ ದಾರಿ ಉದ್ದವಾದಷ್ಟೂ ತಪ್ಪು ಬೆಳೆಯಬೇಕಿತ್ತು. ಬೆಳೆದಿರಲಿಲ್ಲ. ಅಂದರೆ ನನ್ನ ಹೆಜ್ಜೆ ಮೊದಲಿನಿಂದಲೂ ಸರಿಯಾಗೇ ಇತ್ತು! ಅದನ್ನು ಇಳಿಸಿದ್ದೇ ದಾರಿಯುದ್ದಕ್ಕೂ ಬೆಳೆದು ಆ ಬಾಗಿಲನ್ನು ಗಿಡ್ಡ ಮಾಡಿತ್ತು.

ಗಂಗಾಧರ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಪುಟ ತೆರೆದ. 'ಅಂಚಿನಲ್ಲಿ ಎಷ್ಟು ಉಳಿಸಬೇಕು?' ಎಂದು ಕೇಳುವ ಒಂದು ಜಾಗ ಅಲ್ಲಿದೆ. ಅಂಚಿಗೆ ಕಾಲು ಮಿಲಿಮೀಟರ್ ಎಂದು ಅವನೇ ತುಂಬಿದ್ದ, ಒಂದು ಪೆನ್ಸಿಲ್ ಗೆರೆಯಷ್ಟು. ಎರಡೂ ಅಂಚು ಸೇರಿದರೆ ಅದೇ ಅರ್ಧ. ಯೋಚಿಸಿ ತುಂಬಿದ್ದಲ್ಲ, ಕೈ ತಾನಾಗಿ ತುಂಬಿತ್ತು. ಚಿಕ್ಕಂದಿನಲ್ಲಿ ಮಾವ ತಲೆಗೆ ಮೊಟಕಿ ಮೊಟಕಿ ಕಲಿಸಿದ ಮೊದಲ ಪಾಠ ಅದು: "ಗೆರಿ ತಿನಬ್ಯಾಡಲೇ. ಗೆರಿ ಬಿಟ್ಟು ಕೊಯ್ಯಿ. ಹತ್ತರಿ ಹೊಡಿಯಾಕ ಇರ್ಲಿ." ಆದರೆ ನನ್ನ ಹಿಂದೆ ಹತ್ತರಿ ಹಿಡಿದು, ಉಳಿದ ಮರವನ್ನು ಗೆರೆಯತನಕ ಉಜ್ಜಿ ತೆಗೆಯುವವರು ಯಾರೂ ಇರಲಿಲ್ಲ.

"ಗೆರಿ ಬಿಟ್ಟಿದ್ದೆ," ಎಂದು ಶಂಶುದ್ದೀನನಿಗೆ ತೋರಿಸಿ ಅಲ್ಲಿ ಸೊನ್ನೆ ಹಾಕಿದ. ಹೆಸರಿನ ಹಲಗೆಯನ್ನು ಹೊಸದಾಗಿ ಕೊರೆದೆ. ಕಾಳಪ್ಪ ತನ್ನ ಪಟ್ಟಿಯಿಂದಲೇ ಅಳೆದ, ಒಂದಲ್ಲ ಎರಡು ಸಲ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಗೆರಿ ಬಿಟ್ಟಿದ್ದೇನಲೇ!" ಎಂದು ನಕ್ಕ. ಈ ಸಲದ ನಗೆಯಲ್ಲಿ ಕುಹಕ ಇರಲಿಲ್ಲ. "ಬಡಿಗೇರ ಕೈ ಎಲ್ಲಿಗೆ ಹೋಗ್ತೈತಿ? ಆಗಿದ್ದಾತು ಗಂಗ್ಯಾ. ಯಾರ್ದೂ ತಪ್ಪಿಲ್ಲ. ನಾಳಿಂದ ಬಾ, ಮಣಿ ಹಾಕ್ತೀನಿ."

"ಮಿಷನ್ನೂ ಒಯ್ಯಪ್ಪಾ," ಎಂದ ಶಂಶುದ್ದೀನ್. "ನಾ ಹೊಸಾದು ತರಾಂವ ಅದೀನಿ."

ಆ ಹೊಸದು ಬಂದು ಬಹಳ ಕಾಲವಾಯಿತು. ನಾನೀಗ ಅದೇ ಅಂಗಡಿಯ ಹಿಂದಿನ ಮೂಲೆಯಲ್ಲಿ, ಮುರಿದ ಫಲಕಗಳ ರಾಶಿಯ ಪಕ್ಕ ಇದ್ದೇನೆ. ಬೆಲ್ಟು ಒಣಗಿ ಬಿರಿದಿದೆ. ಆ ಒಂದು ಗಳಿಗೆಯನ್ನು ನಾನು ಇಲ್ಲಿ ಮತ್ತೆ ಮತ್ತೆ ನಡೆಸಿಕೊಳ್ಳುತ್ತೇನೆ. ಅವನು ಹೂಂ ಎಂದಿದ್ದರೆ ನಾನೂ ಅವನ ಜೊತೆ ಹೋಗುತ್ತಿದ್ದೆ, ಎಷ್ಟೋ ಬಾಗಿಲು ಕೊರೆಯುತ್ತಿದ್ದೆ. ಆದರೂ ಅವನು ಹೂಂ ಎನ್ನಬೇಕಿತ್ತು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಗರಗಸದ ಮುಚ್ಚಳ ತೆಗೆದಿಟ್ಟವನು 'ಯಾರ್ದೂ ತಪ್ಪಿಲ್ಲ' ಅಂದದ್ದನ್ನು ನಾನೂ ಕೇಳಿಸಿಕೊಂಡಿದ್ದೇನೆ.

ಆವತ್ತು ಅಂಗಡಿಯಲ್ಲಿದ್ದವರೆಲ್ಲ ಗಂಗಾಧರನ ಬಾಯನ್ನೇ ನೋಡುತ್ತಿದ್ದರು. ಅವನು ನನ್ನ ತೊಲೆಯ ಮೇಲಿನ ಮರದ ಪುಡಿ ಒರೆಸಿದ. ಆ ಎರಡು ಬೆರಳು ಹಳೆಯ ಜಾಗದಲ್ಲಿ ಒಂದು ಕ್ಷಣ ಆತುಕೊಂಡವು. ಆಮೇಲೆ ಕೈ ಎತ್ತಿದ. ಮಾವನನ್ನು ದಾಟಿ ಹೊರಗೆ ಹೋದ. ಟಂಟಂ ಸದ್ದು ಮಾಡಿತು, ಬೀದಿಯ ತಿರುವಿನತನಕ ಕೇಳಿಸಿತು.